ರಾಣಿಗೊಂಬೆಯ ಬಿರುಕು, ತಾವೋಸಿನ ದಾರಿ

ಮೊದಲ ದಿನ, ಗುರುವಾರ: ಡೆನ್ವರಿನಿಂದ ಸಾಂತಾ ಫೆ

ಹೊರಡುವ ಹಿಂದಿನ ರಾತ್ರಿ ಅಮ್ಮ ಮೈಸೂರಿನಿಂದ ಫೋನ್ ಮಾಡಿದ್ದರು. "ಪಕ್ಷದಲ್ಲಿ ಯಾರಾದ್ರೂ ಪ್ರವಾಸ ಹೊರಡ್ತಾರೇನೇ? ಹಬ್ಬಕ್ಕೆ ಇನ್ನೊಂದು ವಾರ ಇದೆ. ಗೊಂಬೆ ಇಳಿಸಿದ್ಯಾ?"

ಇಳಿಸಿದ್ದೆ. ಅದಕ್ಕೇ ಮನಸ್ಸು ಸರಿ ಇರಲಿಲ್ಲ. ಮದುವೆಯಲ್ಲಿ ಅಮ್ಮ ಕೊಟ್ಟ ಪಟ್ಟದ ಗೊಂಬೆಗಳಲ್ಲಿ ರಾಣಿಗೆ ಎಡಭುಜದಿಂದ ಸೊಂಟದವರೆಗೆ ಉದ್ದಕ್ಕೆ ಬಿರುಕು ಬಿಟ್ಟಿತ್ತು. ನಾವಿರುವ ಅಮೆರಿಕದ ಡೆನ್ವರಿನ ಹವೆ ಅಷ್ಟು ಒಣ. ಗೆಳತಿಯೊಬ್ಬಳ ವೀಣೆಗೂ ಇಲ್ಲಿ ಹೀಗೇ ಆಗಿತ್ತು. ಅಮ್ಮನಿಗೆ ಫೋಟೊ ಕಳಿಸಿದಾಗ ಅವರು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, "ಭಿನ್ನ ಆಗಿದ್ದನ್ನ ಮೆಟ್ಟಿಲ ಮೇಲೆ ಇಡಬಾರದು. ಹರಿಯೋ ನೀರಿಗೆ ಬಿಟ್ಟುಬಿಡು" ಅಂದರು.

ಆದರೆ ಈ ಪ್ರವಾಸವನ್ನು ತಿಂಗಳ ಹಿಂದೆಯೇ ಗೊತ್ತುಮಾಡಿಕೊಂಡಿದ್ದೆವು. ನಮ್ಮೂರಿನ ಗ್ರಂಥಾಲಯದಲ್ಲಿ ಒಂದು ಮರದ ಕೆತ್ತನೆಯ ಫೋಟೊ ನೋಡಿದ್ದೆ. ಕೆತ್ತಿದವನು ಪತ್ರೊಸಿನ್ಯೊ ಬರೇಲಾ. ಓದು ಬರಹ ಬಾರದ ಕೂಲಿಯಾಳು. ಯಾರ ಹತ್ತಿರವೂ ಕಲಿತವನಲ್ಲ. ಮೂವತ್ತು ವರ್ಷ ದಾಟಿದ ಮೇಲೆ ಉಳಿ ಹಿಡಿದು, ತನಗೆ ಗೊತ್ತಿದ್ದ ದೇವರನ್ನು ತನಗೆ ತೋಚಿದ ಹಾಗೆ ಕೆತ್ತಿದವನು. ಆ ಫೋಟೊದಲ್ಲಿ ಎರಡು ಮುಖ, ನಾಲ್ಕು ದೊಡ್ಡ ಕೈ ಇದ್ದವು. ಬಣ್ಣ ಇಲ್ಲ. ನ್ಯೂ ಮೆಕ್ಸಿಕೋದ ತಾವೋಸ್ ಎಂಬ ಊರಿನ ಮ್ಯೂಸಿಯಂಗೆ ಹೋಗಿ ಅವನ ಕೆತ್ತನೆಗಳನ್ನು ಎದುರಿಗೇ ನೋಡಬೇಕು ಅನ್ನಿಸಿಬಿಟ್ಟಿತ್ತು.

ಡೆನ್ವರಿನಿಂದ ಸಾಂತಾ ಫೆಗೆ ಹೆಚ್ಚುಕಡಿಮೆ 390 ಮೈಲಿ. ಮೈಲುಗಟ್ಟಲೆ ನೇರ ರಸ್ತೆ. 7,834 ಅಡಿ ಎತ್ತರದ ರಟೋನ್ ಘಾಟಿ ದಾಟಿದರೆ ನ್ಯೂ ಮೆಕ್ಸಿಕೋ. ಅಲ್ಲಿಂದ ಆಕಾಶವೇ ಜಾಸ್ತಿ, ನೆಲ ಕಡಿಮೆ. ಕತ್ತಲಾಗುವ ಹೊತ್ತಿಗೆ ಸಾಂತಾ ಫೆ ಸೇರಿದೆವು. ಕಾರಿನ ಬಾಗಿಲು ತೆಗೆದ ಕೂಡಲೇ ಸುಟ್ಟ ಮೆಣಸಿನಕಾಯಿಯ ಘಾಟು! ಅಂಗಡಿಯ ಮುಂದೆ ದೊಡ್ಡ ಜಾಲರಿಯ ಡ್ರಮ್ಮಿನಲ್ಲಿ ಹಸಿರು ಮೆಣಸಿನಕಾಯಿ ತುಂಬಿ, ಕೆಳಗೆ ಬೆಂಕಿ ಹಚ್ಚಿ ತಿರುಗಿಸುತ್ತಿದ್ದರು. ಮಗಳು ಸೀನಿದಳು. ನನಗೆ ಮಾತ್ರ ಅಜ್ಜಿಯ ಅಡುಗೆಮನೆಗೆ ಹೋದ ಹಾಗಾಯಿತು.

ಎರಡನೇ ದಿನ, ಶುಕ್ರವಾರ: ಸಾಂತಾ ಫೆ

ಬೆಳಗ್ಗೆ ಎದ್ದಾಗ ತಲೆ ಭಾರ. ಊರು 7,000 ಅಡಿ ಎತ್ತರದಲ್ಲಿದೆ. ಡೆನ್ವರಿನಲ್ಲಿ ಇರುವ ನಮಗೇ ಹೀಗಾದರೆ ಕೆಳಗಿನ ಊರುಗಳಿಂದ ಬರುವವರು ಮೊದಲ ದಿನ ಸುಮ್ನೆ ನಿಧಾನವಾಗಿ ಓಡಾಡಿ, ನೀರು ಚೆನ್ನಾಗಿ ಕುಡಿಯುವುದು ಒಳ್ಳೆಯದು.

ಲೊರೆಟ್ಟೊ ಚಾಪೆಲ್ ಎಂಬ ಚಿಕ್ಕ ಚರ್ಚಿನ ಮರದ ಸುರುಳಿ ಮೆಟ್ಟಿಲು ನೋಡಿದೆವು. 33 ಮೆಟ್ಟಿಲು, ಎರಡು ಪೂರ್ತಿ ಸುತ್ತು, ನಡುವೆ ಆಧಾರದ ಕಂಬ ಇಲ್ಲ. ಸನ್ಯಾಸಿನಿಯರು ಒಂಬತ್ತು ದಿನ ಪ್ರಾರ್ಥನೆ ಮಾಡಿದ ಮೇಲೆ ಹೆಸರು ಹೇಳದ ಬಡಗಿಯೊಬ್ಬ ಬಂದು ಮಾಡಿಕೊಟ್ಟು, ಹಣವನ್ನೂ ಕೇಳದೆ ಹೊರಟುಹೋದ ಎಂದು ಇಲ್ಲಿ ಕಥೆ ಹೇಳುತ್ತಾರೆ. ಒಂಬತ್ತು ದಿನ ಎಂದಾಗ ನಾನೂ ಮಗಳೂ ಮುಖ ನೋಡಿಕೊಂಡೆವು.

ಮಧ್ಯಾಹ್ನ ಮ್ಯೂಸಿಯಂ ಬೆಟ್ಟದಲ್ಲಿ ಹಳೆಯ ಸಾಂತೊಗಳನ್ನು ನೋಡಿದೆವು. ಸಾಂತೊ ಅಂದರೆ ಸಂತರ ರೂಪ. ಹಲಗೆಯ ಮೇಲೆ ಬರೆದರೆ ರೆತಾಬ್ಲೊ, ಮೂರ್ತಿಯಾಗಿ ಕೆತ್ತಿದರೆ ಬುಲ್ಟೊ, ಮಾಡುವವನು ಸಾಂತೇರೊ. ಸ್ಪೇನಿನ ಆಳ್ವಿಕೆಯ ಕಾಲದಲ್ಲಿ ಈ ಗುಡ್ಡಗಾಡಿಗೆ ಪಾದ್ರಿಗಳು ಬರುತ್ತಿದ್ದುದೇ ಅಪರೂಪ. ಮೆಕ್ಸಿಕೋದಿಂದ ಮೂರ್ತಿ ತರಿಸುವುದಂತೂ ತಿಂಗಳುಗಳ ಮಾತು. ಹಾಗಾಗಿ ಊರಿನವರೇ ಕೆತ್ತಿಕೊಂಡರು. ಕಾಟನ್‌ವುಡ್ ಮರದ ಬೇರೋ ಆಸ್ಪೆನ್ ಮರವೋ ತಂದು, ಮೈ ಬೇರೆ, ಕೈ ಬೇರೆ ಕೆತ್ತಿ, ಗೂಟ ಹೊಡೆದು ಸೇರಿಸುತ್ತಿದ್ದರು. ಮೇಲೆ ಸುಣ್ಣದಂಥ ಬಿಳಿ ಲೇಪ ಹಾಕಿ ಬಣ್ಣ ಬಳಿಯುತ್ತಿದ್ದರು. ಎಷ್ಟೋ ಸಂತರಿಗೆ ಈಗ ಬೆರಳಿಲ್ಲ, ಕೆಲವರಿಗೆ ಮುಂಗೈಯೇ ಇಲ್ಲ. ಆದರೂ ಯಾರೋ ಅವರಿಗೆ ಹೊಸ ಬಟ್ಟೆ ಹೊಲಿದು ತೊಡಿಸಿದ್ದಾರೆ. ನಾನು ಅಲ್ಲಿ ಬಹಳ ಹೊತ್ತು ನಿಂತೆ.

ರಾತ್ರಿ ಊಟಕ್ಕೆ ಕೂತರೆ ಮೊದಲ ಪ್ರಶ್ನೆಯೇ "ಕೆಂಪೋ ಹಸಿರೋ?" ಯಾವ ಮೆಣಸಿನಕಾಯಿಯ ಗೊಜ್ಜು ಬೇಕು ಅಂತ. ಎರಡೂ ಬೇಕಾದರೆ "ಕ್ರಿಸ್‌ಮಸ್" ಅನ್ನಬೇಕು. ಸಸ್ಯಾಹಾರಿಗಳು ಇನ್ನೊಂದು ಪ್ರಶ್ನೆಯನ್ನೂ ಕೇಳಿಬಿಡಿ. ಎಷ್ಟೋ ಕಡೆ ಕಾಳನ್ನು ಹಂದಿಯ ಕೊಬ್ಬಿನಲ್ಲಿ ಬೇಯಿಸುತ್ತಾರೆ, ಗೊಜ್ಜಿಗೂ ಮಾಂಸ ಹಾಕಿರುತ್ತಾರೆ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ನಮಗೆ ಬಡಿಸಿದ ಹುಡುಗಿ ಒಳಗೆ ಹೋಗಿ ವಿಚಾರಿಸಿಕೊಂಡು ಬಂದು, ನೀಲಿ ಮೆಕ್ಕೆಜೋಳದ ರೊಟ್ಟಿ, ಬರೀ ಉಪ್ಪಿನಲ್ಲಿ ಬೇಯಿಸಿದ ಕಾಳು, ಹಸಿರು ಗೊಜ್ಜು ಕೊಟ್ಟಳು. ಕೊನೆಗೆ ಸೋಪಪೀಯಾ. ನಮ್ಮ ಪೂರಿಯೇ, ಚೌಕಾಕಾರ. ಮೂಲೆ ಕಚ್ಚಿ ಒಳಗೆ ಜೇನುತುಪ್ಪ ಸುರಿದುಕೊಂಡು ತಿನ್ನಬೇಕು.

ಮೂರನೇ ದಿನ, ಶನಿವಾರ: ಮೇಲಿನ ದಾರಿ

ಸಾಂತಾ ಫೆಯಿಂದ ತಾವೋಸಿಗೆ ಎರಡು ದಾರಿ. ಹೊಳೆಯ ಪಕ್ಕದ ಕೆಳದಾರಿಯಲ್ಲಿ ಬೇಗ ಹೋಗಬಹುದು. ಬೆಟ್ಟದ ಹಳ್ಳಿಗಳ ಮೂಲಕ ಹೋಗುವ ಮೇಲಿನ ದಾರಿಗೆ ನಿಲ್ಲದೆ ಹೋದರೂ ಎರಡೂವರೆ ಗಂಟೆ ಬೇಕು. ನಮಗೆ ಇಡೀ ದಿನ ಹಿಡಿಯಿತು. ಸೆಪ್ಟೆಂಬರಿನ ಕೊನೆಯ ಎರಡು ವಾರಾಂತ್ಯ ಈ ದಾರಿಯ ಕಲಾವಿದರು ಮನೆಬಾಗಿಲು ತೆರೆದಿಟ್ಟು ಜನರನ್ನು ಕರೆಯುತ್ತಾರೆ. ಹೋಗುವುದಾದರೆ ಆಗಲೇ ಹೋಗಿ. ಹೊಟ್ಟೆಗೆ ಏನಾದರೂ ಕಟ್ಟಿಕೊಂಡು, ಪೆಟ್ರೋಲ್ ತುಂಬಿಸಿಕೊಂಡು ಹೊರಡಿ. ನಡುವೆ ಅಂಗಡಿಗಳು ಕಡಿಮೆ.

ಮೊದಲು ಚಿಮಾಯೊ. 1816ರಲ್ಲಿ ಕಟ್ಟಿದ ಮಣ್ಣಿನ ಚರ್ಚು. ಒಳಗೆ ಫೋಟೊ ತೆಗೆಯುವ ಹಾಗಿಲ್ಲ. ಪಕ್ಕದ ಕೋಣೆಯ ನೆಲದಲ್ಲಿ ಒಂದು ಸಣ್ಣ ಗುಂಡಿ, ಅದರ ತುಂಬ ಮಣ್ಣು. ಆ ಮಣ್ಣಿನಿಂದ ಕಾಯಿಲೆ ವಾಸಿಯಾಗುತ್ತದೆ ಎಂದು ಜನ ನಂಬುತ್ತಾರೆ. ಗುಡ್‌ ಫ್ರೈಡೇ ದಿನ ಸಾವಿರಾರು ಜನ ಹೆದ್ದಾರಿಯ ಅಂಚಿನಲ್ಲಿ ನಡೆದು ಬರುತ್ತಾರೆ. ಗೋಡೆಗೆ ಊರುಗೋಲುಗಳನ್ನು ನೇತುಹಾಕಿದ್ದರು. ನಾನು ಬಗ್ಗಿ ಒಂದು ಚಿಟಿಕೆ ಮಣ್ಣು ತೆಗೆದು ಕಾಗದದಲ್ಲಿ ಕಟ್ಟಿಕೊಂಡೆ. ನಮ್ಮ ಮನೆಯಲ್ಲಿ ಮಂತ್ರಾಲಯದ ಮೃತ್ತಿಕೆಯನ್ನು ದೇವರ ಪೆಟ್ಟಿಗೆಯಲ್ಲಿ ಇಡುವುದಿಲ್ಲವಾ? ಹಾಗೆಯೇ.

ಹತ್ತಿರದಲ್ಲೇ ಇನ್ನೊಂದು ಪುಟ್ಟ ಗುಡಿ, ಬಾಲಯೇಸುವಿನದು. ಒಳಗೆ ಸಾಲು ಸಾಲು ಮಕ್ಕಳ ಚಪ್ಪಲಿ, ಬೂಟು. ಮಗು ರಾತ್ರಿ ಹೊತ್ತು ಊರೂರು ಸುತ್ತಿ ಕಷ್ಟದಲ್ಲಿರುವವರನ್ನು ನೋಡಿಕೊಂಡು ಬರುತ್ತದಂತೆ. ಬೆಳಗಾಗುವಷ್ಟರಲ್ಲಿ ಚಪ್ಪಲಿ ಸವೆದಿರುತ್ತದಂತೆ. ಹಾಗಾಗಿ ಜನ ಹೊಸದು ತಂದಿಡುತ್ತಾರೆ. ನಮ್ಮವರು ಚಾಮರಾಜನಗರದ ಕಡೆಯವರು. ಅದನ್ನು ಕೇಳಿದ್ದೇ ಅವರ ಕಣ್ಣು ಅರಳಿತು. "ನಮ್ಮ ಬಿಳಿಗಿರಿ ರಂಗಪ್ಪ!" ಅಂದರು. ಆ ದೇವರೂ ರಾತ್ರಿ ಕಾಡು ಸುತ್ತುತ್ತಾನೆ. ಅವನಿಗೂ ಭಕ್ತರು ದೊಡ್ಡ ಚರ್ಮದ ಚಪ್ಪಲಿ ಹೊಲಿದು ಕೊಡುತ್ತಾರೆ, ಅವೂ ಸವೆಯುತ್ತವೆ. ಅಲ್ಲಿದ್ದ ಹೆಂಗಸಿಗೆ ಇದನ್ನು ಹೇಳಿದೆವು. ಅವರು ಎರಡು ಸಲ ಕೇಳಿ ಖಚಿತ ಮಾಡಿಕೊಂಡು, "ಇಬ್ಬರೂ ದಾರಿಯಲ್ಲಿ ಸಿಕ್ಕಿರಬೇಕು" ಅಂದರು. ತಮಾಷೆಗೆ ಹೇಳಿದ ಮಾತಲ್ಲ ಅದು.

ಚಿಮಾಯೊ ಬಿಟ್ಟು ಸ್ವಲ್ಪ ಮೇಲೆ ಹತ್ತಿದರೆ ಬಲಕ್ಕೆ ಇಳಿಜಾರಿನಲ್ಲಿ ಕೋರ್ದೊವಾ. ರಸ್ತೆ ತೀರಾ ಕಿರಿದು. ದೊಡ್ಡ ಗಾಡಿಯನ್ನು ಮೇಲೆಯೇ ನಿಲ್ಲಿಸಿ ನಡೆದು ಇಳಿಯುವುದು ವಾಸಿ. ಬಣ್ಣ ಹಚ್ಚದ ಸಾಂತೊಗಳಿಗೆ ಹೆಸರಾದ ಹಳ್ಳಿ ಇದು. ಹೊಸೆ ದೊಲೊರೆಸ್ ಲೋಪೆಜ್ ಎಂಬ ಬಡಗಿ 1868ರಲ್ಲಿ ಹುಟ್ಟಿದವರು. ಬಾಗಿಲು, ಪೆಟ್ಟಿಗೆ, ಕುರ್ಚಿ ಮಾಡಿಕೊಂಡಿದ್ದರು. ಮೊದಲ ಮಹಾಯುದ್ಧಕ್ಕೆ ಮಗನನ್ನು ಕರೆದುಕೊಂಡು ಹೋದಾಗ ಚಿಂತೆ ತಡೆಯಲಾರದೆ ರಾತ್ರಿ ಕೂತು ಚಾಕುವಿನಲ್ಲಿ ಸಣ್ಣ ಸಣ್ಣ ಹಕ್ಕಿ ಪ್ರಾಣಿ ಕೆತ್ತತೊಡಗಿದರು. ಆಮೇಲೆ ಅದೇ ಕೈ ಸಂತರನ್ನು ಕೆತ್ತಿತು. ಸಾಂತಾ ಫೆಯ ಕಲಾವಿದರು ಬಣ್ಣ ಬೇಡ, ಮರ ಹಾಗೇ ಇರಲಿ ಎಂದು ಹೇಳಿದ ಮೇಲೆ ಅವರು ಮೈಮೇಲೆಲ್ಲಾ ಸೂಜಿಮೊನೆಯಂಥ ಗೀರುಗಳ ಚಿತ್ತಾರ ಬಿಡಿಸಿದರು. ಅವರ ಮಗ ಜಾರ್ಜ್ ಲೋಪೆಜ್‌ಗೆ 1982ರಲ್ಲಿ ರಾಷ್ಟ್ರೀಯ ಪರಂಪರೆಯ ಗೌರವ ಸಿಕ್ಕಿತು. ಆ ಗೌರವ ಶುರುವಾದ ಮೊದಲ ವರ್ಷವೇ ಅದು. ಹಳ್ಳಿಯಲ್ಲಿ ಇಂದಿಗೂ ಕೆತ್ತುತ್ತಾರೆ. ಒಂದು ಮನೆಯ ಜಗಲಿಯಲ್ಲಿ ಮುದುಕಿಯೊಬ್ಬರು ತೊಡೆಯ ಮೇಲೆ ಬಟ್ಟೆ ಹಾಸಿಕೊಂಡು, ಆಸ್ಪೆನ್ ತುಂಡಿನಲ್ಲಿ ಸಂತರೊಬ್ಬರ ಗಡ್ಡ ಬಿಡಿಸುತ್ತಿದ್ದರು. ಅವರು ಮಾತು ಕಡಿಮೆ. ಮಗಳು ಪಕ್ಕದಲ್ಲಿ ಕೂತಳು. ಅವಳ ಕೈಗೆ ಒಂದು ಹಿಡಿ ಮರದ ಚೂರು ಕೊಟ್ಟರು. ಹಿಟ್ಟಿನಂತೆ ಬೆಳ್ಳಗಿತ್ತು.

ತ್ರುಚಾಸ್ ಊರು ಬೆಟ್ಟದ ಏಣಿನ ಮೇಲೆ ಕೂತಿದೆ, 8,000 ಅಡಿಯ ಆಸುಪಾಸು. ಹಿಂದೆ ಹದಿಮೂರು ಸಾವಿರ ಅಡಿಯ ಶಿಖರಗಳು. ಇಳಿಜಾರಿನ ಆಸ್ಪೆನ್ ಮರಗಳೆಲ್ಲ ಅರಿಶಿನ ಬಣ್ಣಕ್ಕೆ ತಿರುಗಿದ್ದವು. ಫೋಟೊ ತೆಗೆಯುತ್ತಿದ್ದ ಹಾಗೆಯೇ ಮೋಡ ಮುಚ್ಚಿತು. ಊರು ದಾಟಿ ಕೆಲವು ಮೈಲಿ ಹೋಗಿರಬೇಕು, ಆಲಿಕಲ್ಲು ಮಳೆ ಶುರು. ಅದೇ ಹೊತ್ತಿಗೆ ಕಾರು ಬಲಕ್ಕೆ ಎಳೆಯತೊಡಗಿತು. ಟೈರಿಗೆ ಮೊಳೆ ಚುಚ್ಚಿತ್ತು. ಫೋನಿಗೆ ಸಿಗ್ನಲ್ ಇಲ್ಲ. ಡಿಕ್ಕಿ ತೆಗೆದು ನೋಡಿದರೆ ಸ್ಟೆಪ್ನಿ ಇದೆ, ಜ್ಯಾಕ್ ಇಲ್ಲ. ಹೊರಡುವ ಮುಂಚೆ ಅದನ್ನೊಂದು ನೋಡಿಕೊಳ್ಳಬೇಕಿತ್ತು.

ಕಾಲು ಗಂಟೆ ಹಾಗೇ ಕೂತಿದ್ದೆವು. ಆಮೇಲೆ ಹಳೆಯ ಪಿಕಪ್ ಒಂದು ನಿಂತಿತು. ಹಿಂದೆ ಸೌದೆ ತುಂಬಿತ್ತು. ಎಪ್ಪತ್ತು ದಾಟಿದ ಹಿರಿಯರೊಬ್ಬರು ಇಳಿದು, ಏನೂ ಕೇಳದೆ ತಮ್ಮ ಜ್ಯಾಕ್ ತಂದು ಮಂಡಿಯೂರಿದರು. ನಮ್ಮವರೂ ಜೊತೆಗೂಡಿದರು. ನಾನು ಅವರ ತಲೆಗೆ ಕೊಡೆ ಹಿಡಿದು ನಿಂತೆ. ಆ ಸೌದೆಯ ವಾಸನೆ! ಪೆನ್ಸಿಲ್ ಮೊನೆ ಮಾಡುವಾಗ ಬರುತ್ತದಲ್ಲ, ಅದಕ್ಕೆ ಮಳೆಯ ವಾಸನೆ ಸೇರಿದ ಹಾಗೆ.

"ಯಾವ ಮರ ಇದು?" ಎಂದು ಕೇಳಿದೆ.

"ಸೆದ್ರೊ, ಮಿಹಾ." ಮಿಹಾ ಅಂದರೆ ಮಗಳೇ. ಪುಸ್ತಕದಲ್ಲಿ ಜ್ಯುನಿಪರ್ ಅನ್ನುವ ಮರವನ್ನು ಇಲ್ಲಿನವರು ಸೆದ್ರೊ ಅನ್ನುತ್ತಾರೆ. ಬರೇಲಾ ಕೆತ್ತಿದ್ದೂ ಬಹುಪಾಲು ಇದರಲ್ಲೇ. ಆ ಹಿರಿಯರು ಒಂದು ತುಂಡು ತೆಗೆದು ಸೀಳಿದ ಬದಿ ತೋರಿಸಿದರು. ಹೊರಗೆ ಬೆಣ್ಣೆಯ ಬಣ್ಣ, ತಿರುಳು ಕೆಂಪು. ತಿರುಳಿನಿಂದ ಹೊರಕ್ಕೆ ಬಿರುಕುಗಳು.

ನನಗೆ ತಡೆಯಲಾಗಲಿಲ್ಲ. ಫೋನಿನಲ್ಲಿದ್ದ ರಾಣಿಯ ಫೋಟೊ ತೋರಿಸಿದೆ. ಇದು ಮದುವೆಯಲ್ಲಿ ತಾಯಿ ಕೊಟ್ಟಿದ್ದು, ಹಬ್ಬದಲ್ಲಿ ಪೂಜೆ ಮಾಡುತ್ತೇವೆ, ಈಗ ಹೀಗಾಗಿದೆ, ಇನ್ನು ಇಡಬಾರದು ಅನ್ನುತ್ತಾರೆ ಎಂದೆ. ಅವರು ಕೈ ಒರೆಸಿಕೊಂಡು, ಫೋನನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು.

"ಒಂದೇ ಮರದಲ್ಲಿ ಮಾಡಿದ್ದಾ?"

"ಹೌದು."

"ಹಾಗಾದರೆ ಇದು ಮುರಿದಿಲ್ಲ. ಒಣಗಿದೆ ಅಷ್ಟೆ. ತೇವ ಇರುವ ಊರಿನಿಂದ ಒಣ ಊರಿಗೆ ಬಂದಿದೆ. ಹೊರಗಡೆ ಬೇಗ ಒಣಗುತ್ತದೆ, ಒಳಗಡೆ ತಡ. ಆಗ ಬಿಡುತ್ತದೆ." ಬಿರುಕಿಗೆ ಗಟ್ಟಿಯಾಗುವ ಪುಟ್ಟಿ ತುಂಬಬೇಡಿ, ಮರ ಮತ್ತೆ ಹಿಗ್ಗಿದಾಗ ಅದೇ ಮರವನ್ನು ಸೀಳುತ್ತದೆ ಅಂದರು. ಚಳಿಗಾಲದಲ್ಲಿ ಹೀಟರಿನ ಹತ್ತಿರ ಇಡಬೇಡಿ, ಪಕ್ಕದಲ್ಲಿ ಒಂದು ಬಟ್ಟಲು ನೀರಿಡಿ ಅಂದರು. ನಾವು ಕೊಡಹೋದ ಹಣವನ್ನು ಮುಟ್ಟಲಿಲ್ಲ. ನನ್ನ ಡಬ್ಬಿಯಲ್ಲಿದ್ದ ಕೋಡುಬಳೆಯನ್ನು ಮಾತ್ರ ಸಂತೋಷದಿಂದ ತೆಗೆದುಕೊಂಡರು.

ಸ್ಟೆಪ್ನಿಯಲ್ಲಿ ಮೆಲ್ಲಗೆ ಹೋದೆವು. ಲಾಸ್ ತ್ರಾಂಪಾಸ್‌ನಲ್ಲಿ ಮಳೆ ನಿಂತಿತ್ತು. ಹದಿನೆಂಟನೇ ಶತಮಾನದ ಚರ್ಚಿನ ಮಣ್ಣಿನ ಗೋಡೆ ನೆಂದು ಕಪ್ಪಾಗಿತ್ತು. ಬಾಗಿಲು ಹಾಕಿತ್ತು. ಕತ್ತಲಾದ ಮೇಲೆ ತಾವೋಸ್ ಸೇರಿದೆವು.

ನಾಲ್ಕನೇ ದಿನ, ಭಾನುವಾರ: ತಾವೋಸ್

ಈ ಊರಿನ ಕೆಲವು ಮ್ಯೂಸಿಯಂಗಳು ವಾರದ ಮೊದಲ ದಿನಗಳಲ್ಲಿ ಬಾಗಿಲು ಹಾಕಿರುತ್ತವೆ. ಅದಕ್ಕೇ ಭಾನುವಾರಕ್ಕೆ ಹೊಂದಿಸಿಕೊಂಡಿದ್ದೆವು. ಲೆದೂ ಬೀದಿಯ ಹಾರ್ವುಡ್ ಮ್ಯೂಸಿಯಂ ಹಳೆಯ ಮಣ್ಣಿನ ಮನೆ. ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತಿದ್ದೆ.

ಬರೇಲಾ ಹುಟ್ಟಿದ್ದು 1900ರ ಸುಮಾರಿಗೆ, ಅರಿಜೋನಾದಲ್ಲಿ. ಬೆಳೆದದ್ದು ತಾವೋಸಿನಲ್ಲಿ. ಚಿಕ್ಕ ವಯಸ್ಸಿಗೇ ಮನೆ ಬಿಟ್ಟು ಗಣಿ, ರೈಲು, ಹೊಲ ಎಂದು ಕೂಲಿ ಮಾಡಿಕೊಂಡು ಅಲೆದ. 1930ರ ಹೊತ್ತಿಗೆ ತಾವೋಸಿಗೆ ಮರಳಿ ಮದುವೆಯಾದ. ಆಗ ಯಾರೋ ಒಂದು ಹಳೆಯ ಸಾಂತೊ ತಂದು ರಿಪೇರಿ ಮಾಡಿಕೊಡು ಅಂದರು. ತುಂಡು ತುಂಡು ಜೋಡಿಸಿ ಮಾಡಿದ್ದು, ಕೀಲು ಬಿಟ್ಟಿತ್ತು. ಅದನ್ನು ಸರಿಮಾಡುತ್ತಾ ಅವನಿಗೆ ಒಂದು ಯೋಚನೆ ಬಂತು. ಒಂದೇ ಮರದಲ್ಲಿ ಕೆತ್ತಿದರೆ ಕೀಲೇ ಇರುವುದಿಲ್ಲ, ಕಳಚಿಕೊಳ್ಳುವ ಮಾತೇ ಇಲ್ಲ. ಅವನ ಕಲೆಯೆಲ್ಲ ಹುಟ್ಟಿದ್ದು ಆ ಒಂದು ಯೋಚನೆಯಿಂದ. ದೇವರ ಮೈ ಬಿಟ್ಟುಹೋಗಬಾರದು ಅನ್ನುವ ಕಾಳಜಿಯಿಂದ.

ಹಗಲು ಸರ್ಕಾರ ನಿರುದ್ಯೋಗಿಗಳಿಗೆ ಕೊಡುತ್ತಿದ್ದ ಪರಿಹಾರ ಕೆಲಸದಲ್ಲಿ ಕುದುರೆ ಗಾಡಿಯಲ್ಲಿ ಮಣ್ಣು ಹೊರುತ್ತಿದ್ದ. ಉಳಿದ ಹೊತ್ತಿನಲ್ಲಿ ಕೆತ್ತುತ್ತಿದ್ದ. ಕೆಲಸ ಕಂಡವರು ಅವನನ್ನು ಸರ್ಕಾರದ ಕಲಾ ಯೋಜನೆಗೆ ಸೇರಿಸಿಕೊಂಡರು. 1936ರಲ್ಲಿ ಅವನ ಎಂಟು ಕೆತ್ತನೆಗಳು ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಮ್ಮಿನ ಪ್ರದರ್ಶನದಲ್ಲಿದ್ದವು. ಟೈಮ್ ಪತ್ರಿಕೆ ಅವನನ್ನು ಆ ವರ್ಷ ಬೆಳಕಿಗೆ ಬಂದ ಪ್ರತಿಭೆ ಎಂದು ಹೊಗಳಿತು. ಯೋಜನೆ 1943ರಲ್ಲಿ ಮುಗಿಯಿತು. ಅವನು ಮತ್ತೆ ಕೂಲಿಗೆ ಹೋದ. ಕೆತ್ತಿದ್ದನ್ನು ಸಿಕ್ಕಷ್ಟಕ್ಕೆ ಮಾರಿದ. ಕುಡಿತವೂ ಇತ್ತು. 1964ರ ಅಕ್ಟೋಬರಿನಲ್ಲಿ ಕೆಲಸದ ಕೊಟ್ಟಿಗೆಗೆ ಬೆಂಕಿ ಬಿದ್ದು ಅದರಲ್ಲೇ ತೀರಿಕೊಂಡ. ಈ ಕೊನೆಯ ಭಾಗ ನನಗೆ ಇವತ್ತಿಗೂ ನುಂಗಲಾಗುವುದಿಲ್ಲ. ಅಷ್ಟು ಹೊಗಳಿದವರು ಒಂದು ಸಣ್ಣ ತಿಂಗಳ ಸಂಬಳವನ್ನಾದರೂ ಮುಂದುವರಿಸಬಹುದಿತ್ತು, ಅಲ್ವಾ?

ಕೆತ್ತನೆಗಳು ನಾನು ಅಂದುಕೊಂಡದ್ದಕ್ಕಿಂತ ಚಿಕ್ಕವು. ಎಷ್ಟೋ ಮೊಳದುದ್ದವೂ ಇಲ್ಲ. ಆದರೆ ಅವುಗಳ ತೂಕ ಕಣ್ಣಿಗೇ ಗೊತ್ತಾಗುತ್ತದೆ. ಮುಚ್ಚಿದಂಥ ಭಾರದ ರೆಪ್ಪೆ. ಮೈಗಿಂತ ದೊಡ್ಡದೆನ್ನಿಸುವ ಕೈ. ಕೊಂಬೆ ಬಾಗಿದ ಕಡೆ ಸಂತನೂ ಬಾಗಿದ್ದಾನೆ. ಗಂಟು ಇದ್ದ ಕಡೆ ಮಂಡಿ ಬಂದಿದೆ. ಒಂದೇ ಕೊರಡಿನಲ್ಲಿ ಇಬ್ಬರು ಮೂವರು. ಒಬ್ಬರ ತೋಳು ಎಲ್ಲಿ ಮುಗಿದು ಇನ್ನೊಬ್ಬರ ಹೆಗಲು ಎಲ್ಲಿ ಶುರುವಾಗುತ್ತದೆ ಎಂದು ಹುಡುಕಿದೆ, ಸಿಗಲಿಲ್ಲ. ಅವನು ಬೈಬಲ್ ಓದಿದವನಲ್ಲ. ಕಿವಿಯಿಂದ ಕೇಳಿದ್ದು, ಹಳ್ಳಿಯ ಗುಡಿಯಲ್ಲಿ ಕಂಡದ್ದು, ತಾನು ಪಟ್ಟ ಕಷ್ಟ, ಇಷ್ಟೇ ಅವನ ಬಂಡವಾಳ. ಹಾಗಾಗಿ ಅವನ ಪವಿತ್ರ ಕುಟುಂಬ ಯಾವುದೋ ಕೂಲಿಯವರ ಕುಟುಂಬದ ಹಾಗೇ ಒಬ್ಬರನ್ನೊಬ್ಬರು ಒತ್ತಿಕೊಂಡು ನಿಂತಿದೆ.

ಆಮೇಲೆ ಹತ್ತಿರ ಬಗ್ಗಿ ನೋಡಿದೆ. ಬಿರುಕುಗಳು. ಒಂದರ ಎದೆಯ ನಡುವೆ, ಇನ್ನೊಂದರ ಕೆನ್ನೆಯ ಮೇಲೆ. ಮುಚ್ಚಿಲ್ಲ, ತುಂಬಿಲ್ಲ. ಮಗಳು ನನ್ನ ಕೈ ಹಿಡಿದು, "ಅಮ್ಮ, ಇವರಿಗೂ ಆಗಿದೆ" ಅಂದಳು.

ಸಂಜೆ ಊರಾಚೆಯ ರಾಂಚೋಸ್ ಚರ್ಚಿಗೆ ಹೋದೆವು. ದಪ್ಪ ಮಣ್ಣಿನ ಗೋಡೆಗಳಿಗೆ ಪ್ರತಿ ವರ್ಷ ಜೂನ್‌ನಲ್ಲಿ ಊರವರೇ ಸೇರಿ ಹುಲ್ಲು ಕಲಸಿದ ಮಣ್ಣನ್ನು ಮೆತ್ತುತ್ತಾರಂತೆ. ಮುಟ್ಟಿ ನೋಡಿದರೆ ಬೆರಳಿನ ಗುರುತುಗಳು ಸಿಗುತ್ತವೆ. ಬಿಸಿಲು ಇಳಿಯುವವರೆಗೆ ಅಲ್ಲೇ ಕೂತಿದ್ದೆವು.

ಐದನೇ ದಿನ, ಸೋಮವಾರ: ವಾಪಸ್

ಬೆಳಗ್ಗೆ ಟೈರಿಗೆ ಪಂಕ್ಚರ್ ಹಾಕಿಸಿ, ಒಂದು ಸರ ಕೆಂಪು ಮೆಣಸಿನಕಾಯಿ ಕೊಂಡು ಹೊರಟೆವು. ಬ್ಯಾಡಗಿಯಷ್ಟು ಸುಕ್ಕಿಲ್ಲ, ಬಣ್ಣ ಮಾತ್ರ ಹಾಗೇ. ರಿಯೊ ಗ್ರಾಂಡೆ ಕಮರಿಯ ಸೇತುವೆ ದಾಟಿ ಸಾನ್ ಲೂಯಿಸ್ ಕಣಿವೆಯಲ್ಲಿ ಬಂದೆವು. ಎರಡೂ ಬದಿ ಆಲೂಗಡ್ಡೆ ಹೊಲ. ಅಗೆಯುವ ಕಾಲ. ಲಾರಿಗಳ ಹಿಂದೆ ಧೂಳು. ಕಾರಿನ ತುಂಬ ಸೆದ್ರೊ ವಾಸನೆ. ಆ ಹಿರಿಯರು ಮಗಳಿಗೆ ಒಂದು ಚಕ್ಕೆ ಕೊಟ್ಟಿದ್ದರು, ಅವಳು ಅದನ್ನು ಕೈಯಿಂದ ಬಿಟ್ಟಿರಲಿಲ್ಲ.

ಪಾಡ್ಯದ ದಿನ ಮೆಟ್ಟಿಲು ಜೋಡಿಸಿದೆ. ರಾಜನನ್ನು ಇಟ್ಟೆ. ಪಕ್ಕದಲ್ಲಿ ರಾಣಿಯನ್ನು ಇಟ್ಟೆ. ಬಿರುಕು ಕಾಣದ ಹಾಗೆ ಗೋಡೆಯ ಕಡೆ ತಿರುಗಿಸಲಿಲ್ಲ. ಹಿಂದೆ ಒಂದು ಬಟ್ಟಲು ನೀರು. ಅಮ್ಮನಿಗೆ ವಿಡಿಯೊ ಕಾಲ್ ಮಾಡಿ, ಫೋನನ್ನು ಕೆಳಗಿನ ಮೆಟ್ಟಿಲಿನಿಂದ ಮೇಲಕ್ಕೆ ನಿಧಾನವಾಗಿ ತಂದೆ. ರಾಣಿಯ ಹತ್ತಿರ ನಿಲ್ಲಿಸಿದೆ. ಅಮ್ಮ ಕನ್ನಡಕ ಸರಿಮಾಡಿಕೊಂಡರು.

"ಒಂದೇ ಮರ ಅಮ್ಮಾ. ಮುರಿದಿಲ್ಲ. ಇಲ್ಲಿನ ಹವೆಗೆ ಒಣಗಿದೆ" ಅಂದೆ.

ಅವರು ಸ್ವಲ್ಪ ಹೊತ್ತು ನೋಡುತ್ತಲೇ ಇದ್ದರು. ಆಮೇಲೆ ಕೇಳಿದರು, "ಆ ಸೀರೆ ಯಾಕೆ ಉಡಿಸಿದೀಯಾ? ನಾನು ಕಳಿಸಿದ್ನಲ್ಲ, ಹಸಿರು ಅಂಚಿಂದು, ಅದೆಲ್ಲೋಯ್ತು?"